ಮಂಗೇಶನಿಗೆ ಕೊಟ್ಟ ಹಲಗೆ

ಬೆಳಂಬಾರದ ಬೇಬಿಗೆ ಫೈಬರ್ ದೋಣಿ ರಿಪೇರಿಯ ಕೆಲಸವನ್ನು ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಗಂಡ ತುಳಸಿದಾಸ ದೋಣಿಯೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದ. ಅವಳು ಹೊರಗೆ ನಿಂತು ಪ್ಲಾಸ್ಟಿಕ್ ಮಗ್ಗಿನಲ್ಲಿ ರೆಸಿನ್ ಕಲಸಿ ಕೊಡುತ್ತಿದ್ದಳು. ರೆಸಿನ್ ಅಂದರೆ ಜೇನಿನ ಹಾಗೆ ಹರಿಯುವ ಅಂಟು. ಅದಕ್ಕೆ ಬೆರೆಸುವ ಹಾರ್ಡ್‌ನರ್ ನಾಲ್ಕು ಹನಿ ಹೆಚ್ಚಾದರೆ ಮಗ್ಗಿನಲ್ಲೇ ಬಿಸಿಯೇರಿ ಕಲ್ಲಾಗುತ್ತದೆ, ಕಡಿಮೆಯಾದರೆ ಎರಡು ದಿನ ಕಳೆದರೂ ಬೆರಳಿಗೆ ಅಂಟುತ್ತಲೇ ಇರುತ್ತದೆ. ಮೋಡದ ದಿನ ಎಷ್ಟು, ಬಿಸಿಲಿಗೆ ಎಷ್ಟು ಎಂಬ ಅಂದಾಜು ತುಳಸಿದಾಸನಿಗೆ ಕೊನೆಯವರೆಗೂ ಸರಿಯಾಗಿ ಹತ್ತಲಿಲ್ಲ. ಬೇಬಿಗೆ ಒಂದೇ ಮಳೆಗಾಲದಲ್ಲಿ ಹತ್ತಿತು. ಮಗ್ಗಿನ ಹೊರಮೈಗೆ ಅಂಗೈ ಇಟ್ಟು, "ಇನ್ನು ಬೇಗ ಬೇಗ ಬಳೀರಿ" ಅನ್ನುವಳು. ಅವನು ಕೈ ಚುರುಕು ಮಾಡುವನು. ಅವರಿಬ್ಬರ ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇದಕ್ಕಿಂತ ಹೆಚ್ಚು ಸಲ ಆಡಿದ ಮಾತು ಬೇರೊಂದು ಇರಲಿಕ್ಕಿಲ್ಲ.

ಬೇಬಿ ಹುಟ್ಟಿದ್ದು ಕಾರವಾರದ ದಕ್ಷಿಣಕ್ಕೆ, ಈಗ ನೌಕಾನೆಲೆಯ ಬೇಲಿಯೊಳಗೆ ಸೇರಿಹೋದ ಒಂದು ಕೇರಿಯಲ್ಲಿ. ಮದುವೆಯಾಗಿ ಬೆಳಂಬಾರಕ್ಕೆ ಬಂದ ಮರುವರ್ಷ ಆ ಕೇರಿಯನ್ನು ಎಬ್ಬಿಸಿದರು. ಬಾಣಂತನಕ್ಕೆಂದು ತವರಿಗೆ ಹೋಗುವ ಹೊತ್ತಿಗೆ ತವರುಮನೆ ಅಮದಳ್ಳಿಯಲ್ಲಿತ್ತು, ಹೊಸ ಗೋಡೆಗೆ ಇನ್ನೂ ಸುಣ್ಣ ಬಿದ್ದಿರಲಿಲ್ಲ. ಅಪ್ಪ ಆ ಮನೆಗೆ ಒಗ್ಗಿಕೊಳ್ಳಲಾರದೆ ಬೇಗ ಹೋದ, ಅವನ ಹಿಂದೆ ಅವ್ವ. ಉಳಿದವನು ತಮ್ಮ ಮಂಗೇಶ ಒಬ್ಬ. ಬೇಬಿಗೆ ತವರು ಅಂದರೆ ಆಮೇಲೆ ಅವನೇ. ಅವಳಿಗಿಂತ ಎಂಟು ವರ್ಷ ಸಣ್ಣವ. ಅವನು ನಡೆಯಲು ಕಲಿತದ್ದು ಅವಳ ಲಂಗದ ತುದಿ ಹಿಡಿದುಕೊಂಡು.

ತುಳಸಿದಾಸ ಮೊದಲು ಬರೀ ಮೀನುಗಾರ. ಮರದ ದೋಣಿಗಳು ಒಂದೊಂದಾಗಿ ಮೂಲೆಗೆ ಸರಿದು ಫೈಬರ್ ದೋಣಿಗಳು ಬರತೊಡಗಿದಾಗ ಅವನು ಗೋವೆಯ ಒಂದು ದೋಣಿ ಕಾರ್ಖಾನೆಯಲ್ಲಿ ಎರಡು ವರ್ಷ ದುಡಿದು ಕೆಲಸ ಕಲಿತು ಬಂದ. ಅಂದಿನಿಂದ ಮಳೆಗಾಲದ ಎರಡು ತಿಂಗಳು ಅವರ ಮನೆಯ ಮುಂದಿನ ಮರಳಿನಲ್ಲಿ ನೀಲಿ ತಾಡಪಾಲಿನ ಚಪ್ಪರ ಏಳುತ್ತಿತ್ತು. ಮಂಜಗುಣಿ, ಹಾರವಾಡ, ಬೇಲೆಕೇರಿಯ ದೋಣಿಗಳು ಅದರಡಿ ಬಂದು ಮಲಗುತ್ತಿದ್ದವು. ಗಾಜಿನ ನೂಲಿನ ಧೂಳು ಮೈಗೆ ಹತ್ತಿದರೆ ಬೆಂಕಿ ಇಟ್ಟಂತೆ ತುರಿಕೆ. ಇಬ್ಬರೂ ಬೆಳಿಗ್ಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೆಲಸಕ್ಕೆ ಇಳಿಯುವರು. ಮಗಳು ಪ್ರಗತಿ ಸಣ್ಣವಳಿದ್ದಾಗ, ಆಯಿ ಮಿಂದು ಬರುವ ತನಕ ತೊಡೆ ಹತ್ತುವಂತಿರಲಿಲ್ಲ. ಬಾಗಿಲಲ್ಲಿ ಕೂತು ಕಾಯುತ್ತಿತ್ತು ಕೂಸು.

ಊರವರು ಅದನ್ನು ತುಳಸಿದಾಸನ ಕೆಲಸ ಅನ್ನುತ್ತಿದ್ದರು. ಬೇಬಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಅವನೇ ನಾಲ್ಕು ಜನರೆದುರು, ಕೈ ಮಾತ್ರ ತನ್ನದು, ಅಳತೆಯೆಲ್ಲ ಅವಳದು ಎಂದು ಹೇಳಿಕೊಳ್ಳುತ್ತಿದ್ದ. ಅಷ್ಟು ಸಾಕಿತ್ತು.

ಫೈಬರ್ ದೋಣಿ ಕೊಳೆಯುವುದಿಲ್ಲ ಎಂದು ಹಲವರು ತಿಳಿದಿದ್ದಾರೆ. ಫೈಬರ್ ಕೊಳೆಯುವುದಿಲ್ಲ ನಿಜ. ಆದರೆ ಇಂಜಿನ್ ತೂಗುಹಾಕುವ ಹಿಂಬದಿಯ ಗೋಡೆಯೊಳಗೆ ಮರದ ಹಲಗೆ ಇರುತ್ತದೆ, ಎರಡೂ ಕಡೆ ಫೈಬರ್ ಹೊದಿಸಿ ಮುಚ್ಚಿರುತ್ತಾರೆ. ಇಂಜಿನ್ನಿನ ಬೋಲ್ಟು ಕೂರಿಸಿದ ತೂತಿನಿಂದ ಉಪ್ಪುನೀರು ಹನಿಹನಿಯಾಗಿ ಒಳಗೆ ಇಳಿಯುತ್ತದೆ. ಹೊರಗೆ ಬಣ್ಣ ಫಳಫಳ ಹೊಳೆಯುತ್ತಿರುವಾಗ ಒಳಗಿನ ಮರ ಮೆತ್ತಗಾಗುತ್ತ ಹೋಗುತ್ತದೆ. ಅದನ್ನು ಬದಲಾಯಿಸಬೇಕಾದರೆ ಇಂಜಿನ್ ಇಳಿಸಿ, ಒಳಗಿನ ಫೈಬರ್ ಕೊಯ್ದು ತೆಗೆದು, ಕೊಳೆತದ್ದನ್ನೆಲ್ಲ ಕೆರೆದು, ಹೊಸ ಹಲಗೆ ಕೂರಿಸಿ, ಮತ್ತೆ ಫೈಬರ್ ಹೊದಿಸಬೇಕು. ವಾರ ಹತ್ತು ದಿನದ ಕೆಲಸ, ಅದೂ ಮಳೆಯ ತೇವ ತಾಗದಿದ್ದರೆ.

ಆ ವರ್ಷ ಜೂನ್ ಮೊದಲ ವಾರದಲ್ಲಿ ತುಳಸಿದಾಸ ತನ್ನ ದೋಣಿಯನ್ನು ಪರೀಕ್ಷೆ ಮಾಡಿದ. ಮಗಳ ಹೆಸರನ್ನೇ ಇಟ್ಟಿದ್ದ ಹಳೇ ದೋಣಿ, ಮೈಮೇಲೆ ಕೆಂಪು ಅಕ್ಷರದಲ್ಲಿ 'ಪ್ರಗತಿ' ಎಂದಿತ್ತು. ಸಂಜೆ ಗಂಜಿ ಉಣ್ಣುವಾಗ ಬೇಬಿಗೆ ಹೇಳಿದ:

"ಮೇಲೆ ನಾಲ್ಕು ಬೆರಳಷ್ಟು ಮೆತ್ತಗಾಗಿದೆ, ಅಷ್ಟೇ. ಈ ಮಳೆಗಾಲದಲ್ಲಿ ನಮ್ಮದನ್ನೂ ಬಿಚ್ಚಿ ಹೊಸದು ಹಾಕ್ವ."

ಹುಬ್ಬಳ್ಳಿಯಿಂದ ಒಂದು ಮರೈನ್ ಪ್ಲೈ ಶೀಟು ತರಿಸಿದ. ದಪ್ಪನೆಯದು, ನೀರು ತಡೆಯುವಂಥದ್ದು. ಕಾರವಾರದ ಅಂಗಡಿಗಳಲ್ಲಿ ಅಂಥದ್ದು ಆಗ ಸಿಕ್ಕಿರಲಿಲ್ಲ. ಒಂದು ಶೀಟಿನಲ್ಲಿ ಒಂದು ದೋಣಿಯ ಹಲಗೆ ಆಗುತ್ತದೆ: ಎರಡು ತುಂಡು ಕೊಯ್ದು, ನಡುವೆ ರೆಸಿನ್ ಬಳಿದು ಒಂದಕ್ಕೊಂದು ಅಂಟಿಸಬೇಕು. ಶೀಟನ್ನು ಅಡುಗೆಮನೆಯ ಗೋಡೆಗೆ ಒರಗಿಸಿ, ನೆಲದ ತೇವ ತಾಗದ ಹಾಗೆ ಅಡಿಗೆ ಎರಡು ಇಟ್ಟಿಗೆ ಇಟ್ಟರು.

ಜೂನ್ ಮೂರನೇ ವಾರ ಮಂಗೇಶ ಅಮದಳ್ಳಿಯಿಂದ ಬಂದ. ಹಿಂದಿನ ವರ್ಷ ಕಾಲು ಮುರಿದುಕೊಂಡು ಇಡೀ ಸೀಸನ್ ಮನೆಯಲ್ಲಿ ಕೂತಿದ್ದವ. ಈ ಸಲವಾದರೂ ಮೊದಲ ದಿನವೇ ದೋಣಿ ಇಳಿಸಬೇಕು, ತನ್ನನ್ನು ನಂಬಿ ಮೂರು ಮಂದಿ ಇದ್ದಾರೆ, ಆದರೆ ಇಂಜಿನ್ ಏರಿಸಿದರೆ ಹಿಂಬದಿ ಗೋಡೆಯೇ ಹಿಂದಕ್ಕೆ ಬಾಗುತ್ತದೆ ಎಂದ. ದೋಣಿಯನ್ನು ಬೇಲೆಕೇರಿಯ ತನಕ ಎಳೆಸಿಕೊಂಡು ತಂದಿದ್ದ. ಭಾವ ನೋಡಿದರೆ ಸಾಕು, ಹಲಗೆ ತಾನು ಎಲ್ಲಿಂದಾದರೂ ಹುಡುಕಿ ತರುತ್ತೇನೆ ಅಂದ. ಶೀಟಿನ ವಿಷಯ ಅವನು ಎತ್ತಲಿಲ್ಲ. ಅಡುಗೆಮನೆಯಲ್ಲಿ ಅದು ಇದ್ದದ್ದು ಅವನಿಗೆ ಗೊತ್ತಿರಲೂ ಇಲ್ಲ.

ಎತ್ತಿದವಳು ಬೇಬಿ. ಚಾ ಲೋಟ ಕೆಳಗಿಡುತ್ತಲೇ ಗಂಡನ ಕಡೆ ತಿರುಗಿ ಅಂದಳು:

"ಒಳಗಿರು ಶೀಟು ಮಂಗೇಶಂಗೆ ಹಾಕಿಕೊಡಿ. ನಮ್ಮದಕ್ಕೆ ಮುಂದಿನ ವಾರ ಇನ್ನೊಂದು ತರಿಸಿರೆ ಆಯ್ತಲ್ರಾ."

ತುಳಸಿದಾಸ ಅವಳ ಮುಖ ನೋಡಿದ. ಆಮೇಲೆ ಭಾವಮೈದುನನ ಕಾಲು ನೋಡಿದ. ಮುರಿದು ಕೂಡಿದ ಕಾಲು ಇನ್ನೂ ಸ್ವಲ್ಪ ಸೊಟ್ಟಗಿತ್ತು. "ನೀ ಹೇಳಿದ ಮೇಲೆ ಆಯ್ತು" ಎಂದ. ಎದ್ದು ಗೋಡೆಯ ಸಂದಿನಲ್ಲಿದ್ದ ಪೆನ್ಸಿಲ್ ತೆಗೆದುಕೊಂಡ. ತವರಿನವನನ್ನು ಬರಿಗೈಯಲ್ಲಿ ಕಳಿಸಲಿಲ್ಲ ಎಂದು ಬೇಬಿಗೆ ಆ ದಿನವಿಡೀ ಮನಸ್ಸು ತುಂಬಿತ್ತು.

ಮಂಗೇಶನ ದೋಣಿ ಆಗಸ್ಟ್ ಮೊದಲನೇ ದಿನ ಇಳಿಯಿತು. ಇವರ ಹೊಸ ಶೀಟು ಮಾತ್ರ ಬರಲಿಲ್ಲ. ಅಂಗಡಿಯವರು ಮುಂದಿನ ವಾರ ಎಂದರು. ಆ ವಾರ ಘಟ್ಟದ ರಸ್ತೆಗೆ ಗುಡ್ಡ ಜರಿಯಿತು. ಆಮೇಲೆ ಮಾಲು ಮುಗಿದಿದೆ ಎಂದರು. ಬಂದದ್ದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಶೆಟ್ಲಿ, ಅಂದರೆ ಸಿಗಡಿಯ ಸೀಸನ್ ಶುರುವಾಗಿ ತುಳಸಿದಾಸ ಕಡಲಿಗೆ ಹೋಗತೊಡಗಿದ್ದ. ಹಲಗೆಯ ಎರಡೂ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಬಿಗಿದಿದ್ದ. ಚೌತಿಗೆ ಹೇಗೂ ಕಡಲಿಗೆ ರಜೆ, ಆಗ ಮಳೆಯೂ ಇಳಿದಿರುತ್ತದೆ, ನಿಧಾನಕ್ಕೆ ಕೂತು ಮಾಡುವ ಎಂದ. ನಾಲ್ಕು ಬೆರಳಿನ ಮೆತ್ತಗೆ ತಾನೆ, ಚೌತಿಯ ತನಕ ಎಳೆಯದೆ ಏನು ಎಂದು ಬೇಬಿಯೂ ಸುಮ್ಮನಾದಳು. ಹೊಸ ಶೀಟು ಅದೇ ಗೋಡೆಗೆ, ಅದೇ ಇಟ್ಟಿಗೆಗಳ ಮೇಲೆ ಒರಗಿ ನಿಂತಿತು.

ಚೌತಿಗೆ ಇನ್ನೂ ಐದು ದಿನವಿತ್ತು.

ಆಮೇಲೆ ನಡೆದದ್ದನ್ನು ಹೇಳಿದವ ಆಶಿಷ. ಮೂರು ವರ್ಷದಿಂದ ತುಳಸಿದಾಸನ ಜೊತೆ ದೋಣಿಗೆ ಹೋಗುತ್ತಿದ್ದ ಮಂಜಗುಣಿಯವ. ಬೆಳಿಗ್ಗೆ ಹತ್ತರ ಹೊತ್ತು, ಇಬ್ಬರೇ ಇದ್ದರು, ಬಲೆ ಎಳೆದು ಹಿಂದೆ ಬರುತ್ತಿದ್ದರು. ಗಂಗಾವಳಿ ಅಳಿವೆಯ ಹೊರಗೆ ತೆರೆ ಒಡೆಯುತ್ತಿತ್ತು. ಅದನ್ನು ದಾಟಲೆಂದು ತುಳಸಿದಾಸ ಇಂಜಿನ್ನಿನ ವೇಗ ಪೂರ್ತಿ ಏರಿಸಿದ. ತೆಂಗಿನ ಮಡಲು ಮುರಿದ ಹಾಗೆ ಒಂದು ಸದ್ದಾಯಿತು. ಆಶಿಷ ತಿರುಗಿ ನೋಡುವಷ್ಟರಲ್ಲಿ ಇಂಜಿನ್ ಇರಲಿಲ್ಲ, ಇಂಜಿನ್ ಕೂತಿದ್ದ ಗೋಡೆಯ ನಡುಭಾಗವೂ ಇರಲಿಲ್ಲ. ಆ ಬಾಯಿಯಿಂದ ಮುಂದಿನ ತೆರೆ ಇಡಿಯಾಗಿ ಒಳಗೆ ಬಂತು. ಇಂಜಿನ್ ಕಳೆದುಹೋಗಬಾರದೆಂದು ಅದಕ್ಕೆ ಹಗ್ಗ ಕಟ್ಟಿ ದೋಣಿಗೆ ಬಿಗಿದಿರುತ್ತಾರೆ. ಮುಳುಗುವ ಇಂಜಿನ್ ಎಳೆದ ಆ ಹಗ್ಗ ತುಳಸಿದಾಸನ ಕಾಲಿಗೆ ಸುತ್ತಿಕೊಂಡಿತು. ಆಶಿಷ ಎಣ್ಣೆ ಕ್ಯಾನು ಅಪ್ಪಿಕೊಂಡು ತೇಲಿದ. ಎರಡು ಸಲ ಕೂಗಿದೆ, ಒಂದು ಸಲ ತಲೆ ಕಂಡಿತು ಎಂದ.

ತುಳಸಿದಾಸ ಸಿಕ್ಕಿದ್ದು ಎರಡನೇ ದಿನ ಸಂಜೆ. ಮಗುಚಿದ ದೋಣಿಯನ್ನು ಅದಕ್ಕೂ ಮೊದಲೇ ಹಾರವಾಡದವರು ಎಳೆದು ತಂದು ಮನೆಯ ಮುಂದೆ ಮರಳಿಗೆ ಹಾಕಿದ್ದರು.

ಮಂಗೇಶ ಹನ್ನೆರಡು ದಿನವೂ ಇದ್ದ. ಭಟ್ಟರನ್ನು ಕರೆತಂದದ್ದು ಅವನು, ಅಡುಗೆಗೆ ಕಟ್ಟಿಗೆ ಒಡೆದದ್ದು ಅವನು. ಅಕ್ಕನ ಎದುರು ಮಾತ್ರ ನಿಲ್ಲಲಿಲ್ಲ. ಅವಳು ಅಂಗಳಕ್ಕೆ ಬಂದರೆ ಅವನು ಹಿತ್ತಿಲಿಗೆ ಹೋಗುವನು. ಅಡುಗೆಮನೆಗೆ ಒಂದು ಸಲ ನೀರು ಕುಡಿಯಲು ಬಂದವನು ಗೋಡೆಗೆ ಒರಗಿದ್ದ ಶೀಟನ್ನು ಕಂಡು, ತಂಬಿಗೆಯನ್ನು ಹಾಗೇ ಇಟ್ಟು ಹೊರಗೆ ಹೋದ. ತನಗೆ ಕೊಟ್ಟ ಮೇಲೆ ಭಾವನ ದೋಣಿಗೆ ಹಲಗೆ ಹಾಕಲೇ ಇಲ್ಲ ಎಂದು ಅಷ್ಟರಲ್ಲಿ ಯಾರೋ ಅವನಿಗೆ ಹೇಳಿದ್ದರು. ಹದಿಮೂರನೇ ದಿನ ಬೆಳಿಗ್ಗೆ ಹೇಳದೆ ಹೋದ. ಆಮೇಲೆ ಎರಡು ತಿಂಗಳು ಅವನ ಸುದ್ದಿಯೇ ಇಲ್ಲ.

ಪ್ರಗತಿ ಕಾರವಾರದಲ್ಲಿ ಗಂಡನ ಮನೆಯಲ್ಲಿದ್ದಳು. ಸರಕಾರಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಬಂದು, ದೋಣಿಯನ್ನು ಕೊಟ್ಟುಬಿಡುವ ಎಂದಳು. ಬಾಗಿಲು ತೆಗೆದರೆ ಎದುರಿಗೇ ಕಾಣುತ್ತದೆ, ಆಯಿ ದಿನವಿಡೀ ಅದನ್ನು ನೋಡುತ್ತ ಕೂರುವುದನ್ನು ತನಗೆ ಸಹಿಸಲಾಗುವುದಿಲ್ಲ. ಕುಮಟೆಯ ಕಡೆಯವನೊಬ್ಬ ಇದ್ದ ಸ್ಥಿತಿಯಲ್ಲೇ ಕೊಳ್ಳಲು ತಯಾರಿದ್ದಾನೆ. ಬೇಬಿ ಕೊಡಬಾರದು ಅನ್ನಲಿಲ್ಲ. ಆದರೆ ಆ ಗೋಡೆ ಹಾಗೇ ಇರುವಾಗ ಕೊಡಲಾರೆ ಎಂದಳು. ಕೊಂಡವನು ಮತ್ತೆರಡು ಕಬ್ಬಿಣದ ಪಟ್ಟಿ ಹೊಡೆದು ಕಡಲಿಗೆ ಹೋದರೆ?

"ಹಲಗೆ ಹಾಕಿ ಕೊಡ್ತೆ" ಎಂದಳು. "ಶೀಟು ಅದೆ ಅಲ್ಲ."

"ಯಾರು ಹಾಕುದು ಆಯಿ?"

ಮರುದಿನ ಬೆಳಿಗ್ಗೆ ಬೇಬಿ ಮೈಗೆ ಎಣ್ಣೆ ಸವರಿಕೊಂಡು, ಗಂಡನ ಹಳೇ ಉದ್ದ ತೋಳಿನ ಅಂಗಿ ಹಾಕಿಕೊಂಡು ದೋಣಿ ಹತ್ತಿದಳು.

ಒಳಗಿನ ಫೈಬರ್ ಕೊಯ್ಯುವುದು ಯಾವಾಗಲೂ ತುಳಸಿದಾಸನ ಪಾಲಿನ ಕೆಲಸ. ಗ್ರೈಂಡರ್ ಹಿಡಿದಾಗ ಮೊದಲು ಅದು ಗೆರೆ ಬಿಟ್ಟು ಜಾರಿತು. ಆಮೇಲೆ ಅವನು ಹೇಗೆ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದ ಎಂಬುದು ನೆನಪಾಗಿ ಹಾಗೇ ಹಿಡಿದಳು. ಗೋಡೆಯ ನಡುಭಾಗ ಇಂಜಿನ್ನಿನ ಜೊತೆ ಹರಿದುಹೋಗಿತ್ತು, ಎಡ ಬಲದ ತುಂಡು ಮತ್ತು ಅಡಿಯ ಭಾಗ ಉಳಿದಿದ್ದವು. ಹರಿದ ಅಂಚಿನಲ್ಲಿ ಮರ ನೆನೆದ ಅವಲಕ್ಕಿಯ ಹಾಗೆ ಬೆರಳಿಗೆ ಬಂತು. ಅಡಿಯಿಂದ ಕಂದು ನೀರು ಒಸರಿತು, ಕೆಸರುಗದ್ದೆಯ ವಾಸನೆ. ನಾಲ್ಕು ಬೆರಳಲ್ಲ, ಬುಡದ ತನಕ ಕೊಳೆತಿತ್ತು. ಅವನು ತಪ್ಪಿದ, ಅವನ ಕೈಗೆ ಈ ಸಲ ಗೊತ್ತಾಗಲಿಲ್ಲ ಎಂದುಕೊಂಡಳು. ಅಯ್ಯೋ ಅನ್ನಿಸಿತು.

ಎಡಬದಿಯ ಮೇಲ್ಮೈಯ ಬಣ್ಣವನ್ನು ಗ್ರೈಂಡರಿನಿಂದ ಹೆರೆಯುವಾಗ ಒಂದು ಬಿಳಿ ಚುಕ್ಕೆ ಕಂಡಿತು. ಉದ್ದಿನ ಕಾಳಿನಷ್ಟು. ಅದರ ಕೆಳಗೆ ಇನ್ನೊಂದು. ಮೇಲಿನಿಂದ ಬುಡದ ತನಕ ಒಂದೇ ಸಾಲಿನಲ್ಲಿ ಏಳು ಚುಕ್ಕೆ. ಬೇಬಿ ಗ್ರೈಂಡರ್ ಆರಿಸಿದಳು.

ಅವು ಏನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಸಣ್ಣ ಬೈರಿಗೆಯಿಂದ ತೂತು ಕೊರೆದು, ಹೊರಬಂದ ಹುಡಿ ನೋಡಿ ಒಳಗಿನ ಮರ ಎಲ್ಲಿಯವರೆಗೆ ಕೆಟ್ಟಿದೆ ಎಂದು ತಿಳಿಯುವುದು ತುಳಸಿದಾಸನ ಕ್ರಮ. ಒಣ ಹುಡಿ ಬಂದರೆ ಅಲ್ಲಿಗೆ ನಿಲ್ಲಿಸುತ್ತಿದ್ದ. ಕಂದು ಕೆಸರು ಬಂದರೆ ಇನ್ನೂ ಕೆಳಗೆ ಕೊರೆಯುತ್ತಿದ್ದ. ಇಲ್ಲಿ ಅವನು ಎಲ್ಲಿಯೂ ನಿಲ್ಲಿಸಿರಲಿಲ್ಲ. ಬುಡ ಮುಟ್ಟುವ ತನಕ ಕೊರೆದಿದ್ದ. ಆಮೇಲೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿದು ಮುಚ್ಚಿದ್ದ.

ಅವನಿಗೆ ಗೊತ್ತಿತ್ತು.

ಯಾವಾಗ ಗೊತ್ತಾಯಿತು ಎಂಬುದನ್ನೂ ಆ ಚುಕ್ಕೆಗಳೇ ಹೇಳಿದವು. ಪುಟ್ಟಿ ಕಲಸುವವಳು ಬೇಬಿಯೇ. ಅದಕ್ಕೆ ಹಾಕುವ ಬಿಳಿ ಬಣ್ಣದ ಡಬ್ಬಿ ಆ ಜೂನಿನಲ್ಲಿ ಖಾಲಿಯಾಗಿತ್ತು. ಮಂಗೇಶನ ದೋಣಿಗೆ ಕೈ ಹಾಕುವ ಹೊತ್ತಿಗೆ ಬಿಳಿ ಇಲ್ಲವೆಂದು ಅವಳೇ ಬೂದು ಬಣ್ಣದ ಡಬ್ಬಿ ಒಡೆದಿದ್ದಳು. ಅಲ್ಲಿಂದ ಮುಂದೆ ಆ ಮಳೆಗಾಲವೆಲ್ಲ ಬೂದು ಪುಟ್ಟಿಯೇ. ಈ ಏಳು ಚುಕ್ಕೆಗಳು ಹಾಲಿನಂತೆ ಬೆಳ್ಳಗಿದ್ದವು. ಅಂದರೆ ಮಂಗೇಶ ಬರುವ ಮೊದಲೇ ಅವನು ಕೊರೆದು ನೋಡಿ, ಬೇರೆ ದೋಣಿಗೆಂದು ಅವಳು ಕಲಸಿದ್ದರಲ್ಲಿ ಉಳಿದದ್ದನ್ನು ತುಂಬಿದ್ದ. ಅವಳು ಚಾ ಲೋಟ ಇಡುತ್ತ ಶೀಟು ಕೊಡಿ ಎಂದಾಗ, ತನ್ನ ದೋಣಿ ಬುಡದ ತನಕ ಕೊಳೆತಿದೆ ಎಂದು ತಿಳಿದುಕೊಂಡೇ ಎದ್ದು ಪೆನ್ಸಿಲ್ ತೆಗೆದುಕೊಂಡಿದ್ದ. ಮೊದಲು ಹೆಂಡತಿ ಹೆದರಬಾರದೆಂದು ನಾಲ್ಕು ಬೆರಳು ಎಂದಿರಬೇಕು. ಆಮೇಲೆ ಆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಂಡಿದ್ದರೆ ಅವಳ ತಮ್ಮ ಬರಿಗೈಯಲ್ಲಿ ಹೋಗಬೇಕಿತ್ತು.

ಬೇಬಿ ದೋಣಿಯೊಳಗೇ ಕೂತಳು. ಬಿಸಿಲು ನೆತ್ತಿಗೆ ಬಂತು, ಎಣ್ಣೆ ಬೆವರಿನ ಜೊತೆ ಕಣ್ಣಿಗೆ ಇಳಿಯಿತು. ಅಳು ಬರಲಿಲ್ಲ, ಸಿಟ್ಟು ಬಂತು. ಬಾಯಿ ಬಿಟ್ಟು ಒಂದು ಮಾತು ಹೇಳಲಿಕ್ಕೆ ನಿಮಗೇನಾಗಿತ್ತು? ಇಲ್ಲ ಬೇಬಿ, ನಮ್ಮದೇ ಹೆಚ್ಚು ಕೆಟ್ಟಿದೆ ಅಂದಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ಮಂಗೇಶ ಒಂದು ತಿಂಗಳು ತಡವಾಗಿ ಹೋಗುತ್ತಿದ್ದ, ಅಷ್ಟೇ ತಾನೆ? ಸತ್ತವನನ್ನು ಅವಳು ಗಟ್ಟಿಯಾಗಿಯೇ ಬೈದಳು. ಬೈದು ಬೈದು ಸಾಕಾದ ಮೇಲೆ, ಅಂದು ಅವನು ತನ್ನ ಮುಖ ನೋಡಿದ್ದು ಕಣ್ಣಿಗೆ ಕಟ್ಟಿತು. ಏನೋ ಹೇಳಲಿದ್ದ ಮುಖ ಅದು. ತಾನು ಅದನ್ನು ನೋಡಿಯೂ ತಮ್ಮನ ಲೋಟಕ್ಕೆ ಇನ್ನಷ್ಟು ಚಾ ಸುರಿದಿದ್ದಳು. ಆಗ ಅಳು ಬಂತು.

ಕೊಳೆತ ಮರವನ್ನು ಉಳಿಯಿಂದ ಕೆರೆದು ತೆಗೆಯಲು ಅವಳಿಗೆ ಎರಡು ದಿನ ಹಿಡಿಯಿತು. ಬಿಳಿ ಚುಕ್ಕೆಗಳಿದ್ದ ತುಂಡನ್ನು ಮೊದಲು ಕೊಯ್ದು, ಒಲೆಗೆ ಹಾಕಿದರೆ ಫೈಬರ್ ಹೊಗೆ ವಿಷ ಎಂದು, ತೆಂಗಿನ ಬುಡದಲ್ಲಿ ಗುಂಡಿ ತೋಡಿ ಹೂತಳು. ಯಾಕೆ ಬಚ್ಚಿಟ್ಟೆ ಎಂದು ಆಗ ಅವಳಿಗೇ ಸ್ಪಷ್ಟವಿರಲಿಲ್ಲ. ಯಾರೂ ನೋಡುವುದು ಬೇಡ ಅನ್ನಿಸಿತು.

ಮೂರನೇ ದಿನ ಮಂಗೇಶ ಬಂದ. ಪ್ರಗತಿ ಫೋನು ಮಾಡಿ ಹೇಳಿದ್ದಳಂತೆ. ಗಡ್ಡ ಬೆಳೆದಿತ್ತು, ಸೊರಗಿದ್ದ. ದೋಣಿಯ ಹತ್ತಿರ ಬಂದವನು ಹತ್ತಲಿಲ್ಲ, ಅಂಚು ಹಿಡಿದು ಕೆಳಗೇ ನಿಂತ. ಮರಳಿನ ಮೇಲೆ ಕೆರೆದು ಹಾಕಿದ ಕೊಳೆತ ಮರ ಗುಪ್ಪೆಯಾಗಿತ್ತು. ಬಗ್ಗಿ ಒಂದು ಹಿಡಿ ಎತ್ತಿದ, ಬೆರಳ ಸಂದಿನಿಂದ ಅದು ಉದುರಿತು.

"ನಾ ಕಡಲಿಗೆ ಹೋಗುದು ಬಿಟ್ಟಿದ್ದೆ ಅಕ್ಕಾ" ಎಂದ. "ಆ ಇಂಜಿನ್ ಮೇಲೆ ಕೈ ಇಡುಕೆ ಆಗುದಿಲ್ಲ. ಹಲಗೆ ಕೊಯ್ದು ತಂದು ನಿಂಗೆ ಕೊಡ್ವ ಅಂತ ಎರಡು ಸಲ ಗರಗಸ ತಕಂಡು ಹೋದೆ."

ಬೇಬಿಗೆ ಇದು ಗೊತ್ತಿರಲಿಲ್ಲ. ಅವನು ಕೇಳಿದ್ದಲ್ಲ, ಕೊಟ್ಟವಳು ತಾನು ಎಂದು ಹೇಳಿದಳು. ಕಡಲಿಗೆ ಹೋಗು, ಭಾವ ಮಾಡಿದ ಕೊನೆಯ ಕೆಲಸ ಅದು, ಮರಳ ಮೇಲೆ ಒಣಗಲಿಕ್ಕೆ ಬಿಡಬೇಡ ಎಂದಳು. ಮಂಗೇಶ ಅದನ್ನೆಲ್ಲ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಕೈಯಲ್ಲಿದ್ದ ಮರದ ಹುಡಿಯನ್ನೇ ನೋಡುತ್ತಿದ್ದ.

"ಬುಡದ ತನಕ ಹೋಗಿದೆ" ಎಂದ. ಆಮೇಲೆ ಅಕ್ಕನ ಕಡೆ ಮುಖ ಎತ್ತಿ ಕೇಳಿದ, "ಭಾವಂಗೆ ಗೊತ್ತಿತ್ತ ಅಕ್ಕಾ?"

ಆ ಪ್ರಶ್ನೆ ಬರುತ್ತದೆ ಎಂದು ಬೇಬಿ ತಯಾರಾಗಿರಲಿಲ್ಲ. ಆದರೆ ಅವನ ಮುಖ ಕಂಡ ಮೇಲೆ ಅವಳು ಯೋಚಿಸಲೂ ಇಲ್ಲ. ಹೌದು ಎಂದರೆ ಇವನು ಈ ಜನ್ಮದಲ್ಲಿ ದೋಣಿ ಹತ್ತುವುದಿಲ್ಲ. ದೋಣಿ ಹತ್ತದಿದ್ದರೆ ಬೇರೆ ಏನು ಮಾಡಿಕೊಂಡಾನು ಎಂಬುದನ್ನು ನೆನೆಸಲು ಅವಳಿಗೆ ಧೈರ್ಯವಾಗಲಿಲ್ಲ.

"ಇಲ್ಲ" ಎಂದಳು. "ಮೇಲೆ ನಾಲ್ಕು ಬೆರಳು ಮಾತ್ರ ಅಂದ್ಕಂಡಿದ್ರು. ಅವ್ರಿಗೆ ಗೊತ್ತಾಗ್ಲಿಲ್ಲ. ಗೊತ್ತಿದ್ದೂ ಹೋಗ್ತಿದ್ರಾ?"

ಮಂಗೇಶ ದೋಣಿಯ ಅಂಚಿಗೆ ಹಣೆ ಹಚ್ಚಿ ಅತ್ತ. ಎರಡು ತಿಂಗಳಿಂದ ತಡೆದು ಇಟ್ಟದ್ದು. ಬೇಬಿ ದೋಣಿಯೊಳಗಿಂದ ಕೈ ಚಾಚಿ ಅವನ ತಲೆಯ ಮೇಲೆ ಇಟ್ಟಳು. ಕೈಯಲ್ಲಿ ಗಾಜಿನ ಧೂಳಿತ್ತು ಎಂಬುದು ಆಮೇಲೆ, ಅವನು ನೆತ್ತಿ ಕೆರೆದುಕೊಳ್ಳತೊಡಗಿದಾಗ ನೆನಪಾಯಿತು. ಒಳಗೆ ಕರೆದು ತಣ್ಣೀರಿನಲ್ಲಿ ಅವನ ತಲೆ ತೊಳೆದಳು.

ಉಳಿದ ಕೆಲಸವನ್ನು ಅಕ್ಕ ತಮ್ಮ ಸೇರಿ ಮಾಡಿದರು. ನಾಲ್ಕು ದಿನ ಗೋಡೆಯ ಒಳಮೈಯನ್ನು ಬಿಸಿಲಿಗೆ ಒಣಗಿಸಿದರು. ಹರಿದ ನಡುಭಾಗಕ್ಕೆ ಹೊರಗಿನಿಂದ ನುಣುಪಾದ ಸನ್‌ಮೈಕಾ ಹಲಗೆ ಬಿಗಿದು, ಮೇಣ ಸವರಿ, ಅದಕ್ಕೆ ಒತ್ತಿ ಫೈಬರಿನ ಹೊಸ ಹೊರಪದರ ಎಬ್ಬಿಸಿದರು. ಬೇಬಿ ರಟ್ಟಿನ ಮೇಲೆ ಅಳತೆ ತೆಗೆದು ಶೀಟಿಗೆ ಗೆರೆ ಹಾಕಿದಳು, ಮಂಗೇಶ ಕೊಯ್ದ. ಎರಡು ತುಂಡು ಅಂಟಿಸಿ, ಮೇಲೆ ಕಲ್ಲು ಹೇರಿ ಒಂದು ದಿನ ಬಿಟ್ಟರು. ಗೋಡೆಗೆ ದಪ್ಪನಾಗಿ ಪುಟ್ಟಿ ಬಳಿದು ಹಲಗೆ ಕೂರಿಸಿ ಸ್ಕ್ರೂ ಕ್ಲಾಂಪು ಬಿಗಿಯುವಾಗ ನಾಲ್ಕೂ ಅಂಚಿನಿಂದ ಪುಟ್ಟಿ ಸಮನಾಗಿ ಉಕ್ಕಿ ಬಂತು, ಒಳಗೆಲ್ಲೂ ಗಾಳಿ ಉಳಿದಿಲ್ಲ ಎಂಬುದಕ್ಕೆ ಅದೇ ಗುರುತು. ಆಮೇಲೆ ಗಾಜಿನ ನೂಲಿನ ಬಟ್ಟೆ, ರೆಸಿನ್, ಮತ್ತೆ ಬಟ್ಟೆ, ಹೀಗೆ ಆರು ಪದರ. ಈಗ ಬಳಿಯುವವಳೂ ಕಲಸುವವಳೂ ಅವಳೇ. ಮಗ್ಗಿಗೆ ಅಂಗೈ ಇಟ್ಟಾಗ ಅದು ಬೆಚ್ಚಗಾಗುತ್ತಿತ್ತು. ಬಾಯಿಗೆ ಬಂದ ಮಾತನ್ನು ನುಂಗಿ ತಾನೇ ಬ್ರಶ್ಶು ಬೇಗ ಆಡಿಸಿದಳು.

ಬೋಲ್ಟಿನ ತೂತುಗಳನ್ನು ಅವಳು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆದು, ರೆಸಿನ್ ತುಂಬಿ ಗಟ್ಟಿ ಮಾಡಿ, ಅದರ ನಡುವೆ ಮತ್ತೆ ಸಣ್ಣದಾಗಿ ಕೊರೆದಳು. ಹಾಗೆ ಮಾಡಿದರೆ ನೀರಿಗೆ ಮರ ಸಿಗುವುದಿಲ್ಲ. ದೋಣಿ ಕುಮಟೆಯವನಿಗೆ ಹೋಯಿತು. ಅವನು ಕೆಂಪು ಅಕ್ಷರಗಳ ಮೇಲೆ ಬೇರೆ ಹೆಸರು ಬರೆಸುವುದಾಗಿ ಸಂಕೋಚದಿಂದ ಹೇಳಿದ. ಬರೆಸಿ ಎಂದಳು. ಟೆಂಪೋ ಹೊರಟಾಗ ಪ್ರಗತಿ ಅತ್ತಳು, ಬೇಬಿ ಅವಳ ಬೆನ್ನು ಸವರುತ್ತ ನಿಂತಳು.

ಜನವರಿಯಲ್ಲಿ ಮಂಗೇಶ ಕಡಲಿಗೆ ಹೋದ. ಮೊದಲ ದಿನ ಸಿಕ್ಕ ನೊಗಲಿ ಮೀನನ್ನು ಬಸ್ಸಿನಲ್ಲಿ ಅಕ್ಕನಿಗೆ ಕಳಿಸಿದ. ಬೇಬಿ ಸಾರು ಮಾಡಿದಳು, ಎರಡು ತುತ್ತು ಉಂಡಳು, ಉಳಿದದ್ದನ್ನು ಪಕ್ಕದ ಮನೆಗೆ ಕೊಟ್ಟಳು. ಮುಂದಿನ ಮಳೆಗಾಲ ನೀಲಿ ತಾಡಪಾಲಿನಡಿ ಮೂರು ದೋಣಿ ಬಂದವು. ಮೊದಲಾದರೆ ಎಂಟು ಹತ್ತು ಬರುತ್ತಿದ್ದವು. ಹೆಂಗಸು ಒಬ್ಬಳೇ ಎಂದು ಜನ ಬರುತ್ತಿಲ್ಲ ಅಂದುಕೊಂಡಿದ್ದಳು ಅವಳು.

ನಿಜ ಕಾರಣ ತಿಳಿದದ್ದು ತುಳಸಿದಾಸನ ವರ್ಷದ ತಿಥಿಯ ದಿನ. ಊಟಕ್ಕೆ ಕೂತ ಗಂಡಸರಿಗೆ ಬೇಬಿ ಪಾಯಸ ಬಡಿಸುತ್ತ ಬರುತ್ತಿದ್ದಳು. ಬೇಲೆಕೇರಿಯ ಮಾಬ್ಲೇಶ್ವರ, ತುಳಸಿದಾಸನಿಂದ ಎರಡು ಸಲ ದೋಣಿ ರಿಪೇರಿ ಮಾಡಿಸಿಕೊಂಡ ಹಿರಿಯ, ಪಕ್ಕದವನಿಗೆ ಹೇಳುತ್ತಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಮರುಕದಿಂದಲೇ.

"ತುಳಸಿದಾಸನ ಕೈ ಒಳ್ಳೇದಿತ್ತು. ಪರೀಕ್ಷೆ ಮಾಡುದ್ರಲ್ಲಿ ಮಾತ್ರ ಅಷ್ಟಕ್ಕಷ್ಟೇ ಕಾಣ್ತದೆ. ಊರ ದೋಣಿ ಎಲ್ಲ ನೋಡ್ದ, ತನ್ನದೇ ದೋಣಿ ಬುಡದ ತನಕ ಕೊಳೆತದ್ದು ಅವಂಗೆ ತಿಳೀಲಿಲ್ಲ ನೋಡು. ನಾ ಈ ಸಲ ಮಲ್ಪೆಯವ್ರನ್ನೇ ಕರೆಸ್ದೆ."

ಅದೇ ಪಂಕ್ತಿಯಲ್ಲಿ ಕೂತಿದ್ದ ಮಂಗೇಶ, ಭಾವನನ್ನು ಬಿಟ್ಟುಕೊಡಬಾರದೆಂದು ಮುಂದೆ ಬಾಗಿ ಹೇಳಿದ:

"ಗೊತ್ತಿರ್ಲಿಲ್ಲ ಅವ್ರಿಗೆ. ಅಕ್ಕನೇ ಹೇಳಿದ್ಲು. ಗೊತ್ತಿದ್ದರೆ ಹೋಗ್ತಿದ್ರಾ?"

ಸುತ್ತಲಿನವರು ತಲೆಯಾಡಿಸಿದರು. ಬೇಬಿ ಸೌಟು ಹಿಡಿದು ನಿಂತಲ್ಲೇ ನಿಂತಳು. ಏಳು ತೂತು, ಬುಡದ ತನಕ. ಅಂಥ ಪರೀಕ್ಷೆ ಈ ಕರಾವಳಿಯಲ್ಲಿ ಇನ್ನೊಬ್ಬ ಮಾಡುತ್ತಿರಲಿಲ್ಲ. ಒಂದು ಮಾತು ಸಾಕಿತ್ತು, ಗಂಡನ ಹೆಸರು ಎದ್ದು ನಿಲ್ಲುತ್ತಿತ್ತು. ಮಂಗೇಶ ಬಾಳೆಲೆಯ ಮುಂದೆ ಅನ್ನ ಕಲಸುತ್ತಿದ್ದ. ಗಡ್ಡ ಬೋಳಿಸಿದ್ದ, ಮುಖಕ್ಕೆ ಬಿಸಿಲು ಹತ್ತಿ ಕಪ್ಪಾಗಿತ್ತು, ಕಡಲಿಗೆ ಹೋಗುವವನ ಬಣ್ಣ.

ಅವಳು ಮಾಬ್ಲೇಶ್ವರನ ಎಲೆಗೆ ಪಾಯಸ ಬಡಿಸಿದಳು. ಅವನು ಸಾಕು ಎಂದು ಕೈ ಅಡ್ಡ ಹಿಡಿದ. ಇನ್ನೊಂದು ಸ್ವಲ್ಪ ಹಾಕ್ತೆ ಎಂದು ಮತ್ತೊಂದು ಸೌಟು ಹಾಕಿ ಮುಂದೆ ಹೋದಳು.

ಎಲ್ಲರೂ ಹೋದ ಮೇಲೆ ಹಿತ್ತಿಲಲ್ಲಿ ಪ್ರಗತಿ ಪಾತ್ರೆ ತೊಳೆಯುತ್ತ, ಬಗ್ಗಿಸಿದ ತಲೆ ಎತ್ತದೆ ಕೇಳಿದಳು:

"ಆಯಿ, ಪಪ್ಪಂಗೆ ನಿಜವಾಗ್ಲೂ ಗೊತ್ತಿರ್ಲಿಲ್ವ? ಅವ್ರಿಗೆ ಗೊತ್ತಾಗದೆ ಇರುದುಂಟಾ?"

ಬೇಬಿ ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಬುಟ್ಟಿಗೆ ಹಾಕಿದಳು. ಬಾವಿಯಿಂದ ಇನ್ನೊಂದು ಕೊಡ ನೀರು ಸೇದು, ಇದು ಸಾಲುವುದಿಲ್ಲ ಎಂದಳು. ಮಗಳು ಎದ್ದು ಬಾವಿಯ ಕಡೆ ಹೋದಳು.